ಕೊನೇ ನಂಬರ್ ಖಾಲಿ ಇಲ್ಲ

ನಮ್ಮೂರು ಚಳ್ಳಕೆರೆ. ಹೆಸರಲ್ಲೇನೋ ಕೆರೆ ಇದೆ, ಆದರೆ ನಾನು ಬೆಳೆಯುವಾಗ ಕಂಡಿದ್ದು ಶೇಂಗಾ, ಎಣ್ಣೆ ಮಿಲ್ಲಿನ ವಾಸನೆ, ಮತ್ತೆ ಕೊಡ ಹಿಡಿದು ಸಾಲು ನಿಂತ ಹೆಂಗಸರು. ಈಜು ಕಲಿಯೋಕೆ ಮೊದಲು ನೀರು ಬೇಕಲ್ಲ? ತೋಟದ ಬಾವಿಗಳಲ್ಲಿ ನೀರಿದ್ದಾಗ ಹುಡುಗರು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ದುಮುಕುತ್ತಿದ್ದರು. ನಾವು ಹುಡುಗಿಯರು ಬಗ್ಗಿ ನೋಡಿದರೂ ಬೈಗುಳ. ಅಂಥ ಊರಿನವಳು 41 ವರ್ಷಕ್ಕೆ, ಎರಡು ಮಕ್ಕಳಾದ ಮೇಲೆ, ಅಮೆರಿಕದ ಸಿಯಾಟಲ್‌ನಲ್ಲಿ ಲೇಕ್ ವಾಷಿಂಗ್ಟನ್ ಅನ್ನೋ ದೊಡ್ಡ ಸರೋವರದಲ್ಲಿ ಅರ್ಧ ಮೈಲಿ ಈಜಿ, ಮೈ ಒರೆಸಿಕೊಳ್ಳದೆ 12 ಮೈಲಿ ಸೈಕಲ್ ತುಳಿದು, ಇಳಿದವಳೇ 3.1 ಮೈಲಿ ಓಡಿದ ಕಥೆ ಇದು. ನಡೆದಿದ್ದು 2007ರ ಆಗಸ್ಟ್‌ನಲ್ಲಿ. ಕಿಲೋಮೀಟರಲ್ಲಿ ಹೇಳೋದಾದರೆ 800 ಮೀಟರ್, 19 ಕಿಲೋಮೀಟರ್, 5 ಕಿಲೋಮೀಟರ್. ಹೀಗೆ ಈಜು, ಸೈಕಲ್, ಓಟ ಒಂದರ ಹಿಂದೊಂದು ಮಾಡೋ ಸ್ಪರ್ಧೆಗೆ ಟ್ರಯಾಥ್ಲಾನ್ ಅಂತಾರೆ, ಆ ಲೋಕದಲ್ಲಿ ಇದು ಚಿಕ್ಕದು. ನನಗೆ ಚಿಕ್ಕದಾಗಿರಲಿಲ್ಲ.

ನಾನಾಗ ಎಚ್-4 ವೀಸಾದಲ್ಲಿದ್ದೆ. ಅಂದರೆ ಗಂಡನಿಗೆ ಕೆಲಸ, ನನಗೆ ಆಗ ಕೆಲಸ ಮಾಡೋ ಹಾಗಿರಲಿಲ್ಲ. ಮಕ್ಕಳನ್ನ ಸ್ಕೂಲ್ ಬಸ್ಸಿಗೆ ಹತ್ತಿಸಿದರೆ ಮಧ್ಯಾಹ್ನದವರೆಗೆ ನಾನು ಮತ್ತು ಪಾತ್ರೆ ತೊಳೆಯೋ ಮೆಷಿನ್. ಅದೇ ಅಪಾರ್ಟ್‌ಮೆಂಟಿನ ಹುಬ್ಬಳ್ಳಿಯ ಗೆಳತಿ ಒಂದು ದಿನ ಲೈಬ್ರರಿಯಿಂದ ಒಂದು ಹಾಳೆ ತಂದಳು. ಡ್ಯಾನ್ಸ್‌ಕಿನ್ ಮಹಿಳಾ ಟ್ರಯಾಥ್ಲಾನ್. ಡ್ಯಾನ್ಸ್‌ಕಿನ್ ಅನ್ನೋದು ಹೆಂಗಸರ ಡ್ಯಾನ್ಸ್, ವ್ಯಾಯಾಮದ ಬಟ್ಟೆ ಮಾಡುವ ಕಂಪನಿ. 1990ರಿಂದ ಅಮೆರಿಕದ ಬೇರೆ ಬೇರೆ ಊರುಗಳಲ್ಲಿ ಬರೀ ಹೆಂಗಸರಿಗೆ ಅಂತ ಈ ಸ್ಪರ್ಧೆ ಶುರುವಾಗಿತ್ತು. "ನೋಡ್ರೀ, ಗಂಡಸರು ಒಬ್ಬರೂ ಇಲ್ಲ," ಅಂದಳು ಅವಳು. ನಾನು ಕೇಳಿದ್ದು ಒಂದೇ ಪ್ರಶ್ನೆ. "ಕೊನೆ ಬಂದೋರಿಗೆ ಏನು ಮಾಡ್ತಾರೆ?"

ಈ ಪ್ರಶ್ನೆಗೆ ಹಿನ್ನೆಲೆ ಇದೆ. ಹೈಸ್ಕೂಲಲ್ಲಿ ನಾನು ಯಾವ ಓಟಕ್ಕೆ ನಿಂತರೂ ಕೊನೆ. ಅದೂ ಸ್ವಲ್ಪದರಲ್ಲಿ ಅಲ್ಲ, ಮುಂದಿನವರೆಲ್ಲ ಗುರಿ ಮುಟ್ಟಿ ನೀರು ಕುಡಿದು ಮಾತಾಡುತ್ತಾ ನಿಂತಿರುವಾಗ ನಾನು ಒಬ್ಬಳೇ ಮೈದಾನದಲ್ಲಿ ಬರುತ್ತಿರುತ್ತಿದ್ದೆ. ಒಂಬತ್ತನೇ ಕ್ಲಾಸಿನಲ್ಲಿ ಪಿ.ಟಿ. ಮೇಷ್ಟ್ರು ಸಮಾಧಾನವಾಗಿಯೇ ಹೇಳಿದರು: "ನೀನು ಓಡೋದು ಬೇಡ ಕಣಮ್ಮ, ಸುಣ್ಣದ ಗೆರೆ ಹಾಕು." ಅವತ್ತಿನಿಂದ ಎರಡು ವರ್ಷ ಸ್ಪೋರ್ಟ್ಸ್ ಡೇ ದಿನ ನನ್ನ ಕೆಲಸ ಬಕೆಟ್ಟು ಹಿಡಿದು ಟ್ರ್ಯಾಕಿಗೆ ಸುಣ್ಣ ಸುರಿಯೋದು. ಗೆರೆ ಬಲು ನೇರವಾಗಿ ಹಾಕುತ್ತಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

ನನ್ನ ಪ್ರಶ್ನೆಗೆ ಉತ್ತರ ನನ್ನ ಗೆಳತಿಗೇ ಗೊತ್ತಿತ್ತು. ಕೊನೆ ಯಾರೂ ಬರೋದಿಲ್ಲ, ಆ ಜಾಗ ಬುಕ್ ಆಗಿದೆ ಅಂದಳು. ತಮಾಷೆ ಅಂದುಕೊಂಡೆ. ನಿಜವಾಗಿತ್ತು. ಸ್ಯಾಲಿ ಎಡ್ವರ್ಡ್ಸ್ ಅಂತ ಒಬ್ಬರು, ಆಗ ಈ ಸ್ಪರ್ಧೆಗಳ ಮುಖ. ಪ್ರತಿ ಸಲವೂ ಬೇಕಂತಲೇ ಕೊನೆಯವರಾಗಿ ಬರುತ್ತಿದ್ದರು, ಬೇರೆ ಯಾವ ಹೆಂಗಸಿಗೂ ಕೊನೇ ನಂಬರ್ ಬರಬಾರದು ಅಂತ. ಓಡೋಕೆ ಬರದವರೇನಲ್ಲ ಅವರು. 1980ರಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ನಡೆಯುವ ನೂರು ಮೈಲಿಯ ವೆಸ್ಟರ್ನ್ ಸ್ಟೇಟ್ಸ್ ಓಟದಲ್ಲಿ ಹೆಂಗಸರಲ್ಲಿ ಮೊದಲು ಬಂದವರು, 1981ರಲ್ಲಿ ಹವಾಯಿಯ ಐರನ್‌ಮ್ಯಾನ್ ಅನ್ನೋ ಬಲು ಉದ್ದದ ಟ್ರಯಾಥ್ಲಾನ್‌ನಲ್ಲಿ ಹೆಂಗಸರಲ್ಲಿ ಎರಡನೆಯವರು. ಆ ಐರನ್‌ಮ್ಯಾನ್ ಕಥೆಯೂ ಕೇಳಿ. 1978ರಲ್ಲಿ ಅದು ಶುರುವಾದಾಗ ಹೊರಟವರು 15 ಜನ, ಅದರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಮರುವರ್ಷ ಲಿನ್ ಲೆಮೇರ್ ಅಂತ ಒಬ್ಬಳೇ ಒಬ್ಬಳು ಬಂದಳು, ಇಷ್ಟೂ ಗಂಡಸರ ನಡುವೆ ಐದನೆಯವಳಾಗಿ ಮುಗಿಸಿದಳು. ಅದನ್ನೆಲ್ಲ ಆಮೇಲೆ ಓದಿದೆ. ಆ ದಿನ ನನಗೆ ತಲೆಗೆ ಹೋಗಿದ್ದು ಇಷ್ಟೇ: ನೂರು ಮೈಲಿ ಓಡಿ ಗೆದ್ದ ಹೆಂಗಸು ನನ್ನ ಹಿಂದೆ ಬರುತ್ತಾಳೆ. ಹೆಸರು ಕೊಟ್ಟೆ.

ಈಜು ಕ್ಲಾಸಿಗೆ ಸೇರಿದ್ದು ಮೇ ತಿಂಗಳಲ್ಲಿ. ಕೊಳದ ಈ ಕಡೆ ನಾವು ನಾಲ್ಕು ಜನ ದೊಡ್ಡವರು, ಆ ಕಡೆ ಐದು ವರ್ಷದ ಮಕ್ಕಳು. ಮಕ್ಕಳು ನಮಗಿಂತ ಬೇಗ ಕಲಿತು ಮುಂದಿನ ಕ್ಲಾಸಿಗೆ ಹೋದರು. ನನಗೆ ಮೊದಲ ಎರಡು ವಾರ ಬರೀ ನೀರಲ್ಲಿ ಮುಖ ಇಟ್ಟು ಗುಳ್ಳೆ ಬಿಡೋ ಪಾಠ. ಈಜಿನ ಗುಟ್ಟು ಕೈಕಾಲಲ್ಲಿ ಇಲ್ಲ, ಉಸಿರು ಬಿಡೋದರಲ್ಲಿದೆ ಅಂತ ಟೀಚರ್ ದಿನಾ ಹೇಳುತ್ತಿದ್ದಳು, ನಾನು ದಿನಾ ಉಸಿರು ಕಟ್ಟಿಕೊಳ್ಳುತ್ತಿದ್ದೆ. ಹೆದರಿದಾಗ ಎಲ್ಲರೂ ಹಾಗೇ, ಒಳಗೆ ಎಳೆದುಕೊಂಡಿದ್ದನ್ನ ಹೊರಗೆ ಬಿಡೋಕೆ ಮನಸ್ಸು ಬರೋದಿಲ್ಲ. ಹಳೇ ಗಾಳಿ ಹೊರಗೆ ಹೋಗದೆ ಹೊಸದಕ್ಕೆ ಜಾಗ ಎಲ್ಲಿ? ಅದು ದೇಹಕ್ಕೆ ಅರ್ಥವಾಗಲು ಆರು ವಾರ ಬೇಕಾಯಿತು. ಫ್ರೀಸ್ಟೈಲಲ್ಲಿ ಕೊಳದ ಎರಡು ಉದ್ದಕ್ಕೆ ಸುಸ್ತು, ಆದ್ದರಿಂದ ತಲೆ ಮೇಲೆತ್ತಿ ಕಪ್ಪೆಯ ಹಾಗೆ ಕಾಲು ಬಡಿಯುವ ಬ್ರೆಸ್ಟ್ ಸ್ಟ್ರೋಕ್‌ನಲ್ಲೇ ಸಾಗಿಸೋದು ಅಂತ ತೀರ್ಮಾನಿಸಿದೆ. ನಿಧಾನ, ಆದರೆ ಎಲ್ಲಿ ಹೋಗ್ತಿದೀನಿ ಅಂತ ಕಾಣುತ್ತೆ.

ಬಟ್ಟೆಯದ್ದು ಬೇರೆ ಚಿಂತೆ. ಸ್ವಿಮ್ ಸೂಟ್‌ನಲ್ಲಿ ಅಷ್ಟು ಜನರ ಮುಂದೆ ನಿಲ್ಲೋದು ಹೇಗೆ ಅಂತ ರಾತ್ರಿ ನಿದ್ದೆ ಬಾರದಿದ್ದಿದ್ದು ನಿಜ. ಆ ನೀರಿಗೆ ವೆಟ್‌ಸೂಟ್ ಹಾಕೋದು ಒಳ್ಳೇದು ಅಂತ ಯಾರೋ ಹೇಳಿದಾಗ ಬದುಕಿದೆ. ಕತ್ತಿನಿಂದ ಹಿಮ್ಮಡಿವರೆಗೆ ಕಪ್ಪು ರಬ್ಬರ್, ನನ್ನ ಸೀರೆಗಿಂತ ಜಾಸ್ತಿ ಮುಚ್ಚುತ್ತೆ. ಮೇಲಾಗಿ ರಬ್ಬರ್ ತೇಲುತ್ತೆ, ಮುಳುಗಬೇಕು ಅಂದರೂ ಸುಲಭವಾಗಿ ಮುಳುಗೋಕಾಗಲ್ಲ. ಬಾಡಿಗೆಗೆ ತಂದೆ. ಅದನ್ನ ಹಾಕಿಕೊಳ್ಳೋದು ಮಾತ್ರ ಈಜಿಗಿಂತ ದೊಡ್ಡ ವ್ಯಾಯಾಮ. ಪಾದಕ್ಕೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ತೂರಿಸಿದರೆ ಜಾರಿಕೊಂಡು ಹೋಗುತ್ತೆ ಅನ್ನೋ ಉಪಾಯ ಗೊತ್ತಾಗೋವರೆಗೆ ನಾನೂ ನನ್ನ ಗಂಡನೂ ಸೇರಿ ಅರ್ಧ ಗಂಟೆ ಎಳೆದಾಡಿದ್ದೇವೆ.

ಸೈಕಲ್ ಬಗ್ಗೆ ಭಯ ಇರಲಿಲ್ಲ. ಚಿಕ್ಕಂದಿನಲ್ಲಿ ಬಾಡಿಗೆ ಸೈಕಲ್ ತಂದು ಒಳಪೆಡಲ್ ತುಳಿದೇ ಕಲಿತವಳು. ಆದರೆ ಗೇರ್ ಅನ್ನೋದು ಇಲ್ಲಿ ಬಂದ ಮೇಲೆ ಪರಿಚಯ. ಗೆಳತಿಯ ಹಳೇ ಸೈಕಲ್ಲಿನಲ್ಲಿ ದಿನಾ ಬೆಳಿಗ್ಗೆ ಅಭ್ಯಾಸ. ವಾರಕ್ಕೊಮ್ಮೆ ಸೈಕಲ್ ಇಳಿದ ತಕ್ಷಣ ಓಡೋ ಅಭ್ಯಾಸ, ಅದಕ್ಕೆ ಇವರೆಲ್ಲ ಬ್ರಿಕ್ ಅಂತಾರೆ. ಇಟ್ಟಿಗೆ ಅಂತ ಯಾಕೆ ಹೆಸರು ಅಂದರೆ, ಮಾಡಿ ನೋಡಿ, ಕಾಲಿಗೆ ಇಟ್ಟಿಗೆ ಕಟ್ಟಿದ ಹಾಗೇ ಇರುತ್ತೆ.

ಊರಿಗೆ ಫೋನ್ ಮಾಡಿ ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಳಿಯಂದಿರಿಗೆ ಗೊತ್ತೇನೇ?" ಅಂದಳು. ಗೊತ್ತು ಅಂದೆ. "ಹಂಗಾದ್ರೆ ನಿನಗೇನೋ ಆಗೈತೆ, ಅವರಿಗೂ ಆಗೈತೆ."

ಅಳಿಯಂದಿರು ಹಿಂದಿನ ರಾತ್ರಿ ಏನು ಮಾಡಿದರು ಕೇಳಿ. ಊಟಕ್ಕೆ ಕೂತಾಗ, ಸೈಕಲ್ಲಿನಲ್ಲಿ ನೀನು ದಾಟುವ ಆ ಐ-90 ಹೆದ್ದಾರಿಯ ಸೇತುವೆ ಕಂಬಗಳ ಮೇಲೆ ನಿಂತಿಲ್ಲ, ಕಾಂಕ್ರೀಟಿನ ಟೊಳ್ಳು ಪೆಟ್ಟಿಗೆಗಳ ಮೇಲೆ ತೇಲ್ತಾ ಇರೋದು, ಯಾಕಂದ್ರೆ ಸರೋವರ 200 ಅಡಿಗಿಂತ ಆಳ ಇದೆ, ಪಕ್ಕದ ಹಳೇ ಸೇತುವೆ 1990ರಲ್ಲಿ ರಿಪೇರಿ ನಡೀತಿದ್ದಾಗ ಬಿರುಗಾಳಿ ಮಳೆಗೆ ಪೆಟ್ಟಿಗೆಗಳಲ್ಲಿ ನೀರು ತುಂಬಿ ಮುಳುಗಿಹೋಗಿತ್ತು ಅಂತ ಬಲು ಉತ್ಸಾಹದಿಂದ ವಿವರಿಸಿದರು. ಇವರಿಗೆ ಎಲ್ಲಾ ಗೊತ್ತು, ಯಾವಾಗ ಹೇಳಬೇಕು ಅನ್ನೋದೊಂದು ಬಿಟ್ಟು. ಸಾಲದ್ದಕ್ಕೆ ಅದೇ ರಾತ್ರಿ ನನ್ನ ಮುಟ್ಟು ಶುರುವಾಯಿತು. ನಾಲ್ಕು ದಿನ ಮುಂಚೆ. ಬಾತ್‌ರೂಮಲ್ಲಿ ಕೂತು ಅತ್ತೆ. ನಮ್ಮ ಮನೆಯಲ್ಲಿ ಈ ದಿನಗಳಲ್ಲಿ ನೀರಿನ ಕೊಡ ಮುಟ್ಟೋ ಹಾಗಿರಲಿಲ್ಲ, ನಾನು ಇಡೀ ಸರೋವರಕ್ಕೆ ಇಳಿಯೋಕೆ ಹೊರಟಿದ್ದೆ. ಗೆಳತಿಗೆ ಫೋನ್ ಮಾಡಿದರೆ ಅವಳು ನಕ್ಕು, ಅಲ್ಲಿ ಬರೋ ಸಾವಿರಾರು ಹೆಂಗಸರಲ್ಲಿ ನಾಳೆ ಎಷ್ಟು ಜನಕ್ಕೆ ಅದೇ ಇರುತ್ತೋ ಲೆಕ್ಕ ಹಾಕ್ರೀ ಅಂದಳು. ಲೆಕ್ಕ ಹಾಕಿದೆ. ಅಳು ನಿಂತಿತು.

ಬೆಳಿಗ್ಗೆ ಮೂರೂವರೆಗೆ ಎದ್ದು ಮೊಸರನ್ನ ತಿಂದೆ. ಸ್ಪರ್ಧೆ ನಡೆಯೋ ಜೆನೆಸೀ ಪಾರ್ಕ್ ಮುಟ್ಟಿದಾಗ ಇನ್ನೂ ಕತ್ತಲೆ. ಟ್ರಾನ್ಸಿಷನ್ ಅಂದರೆ ಸೈಕಲ್ ನಿಲ್ಲಿಸಿ ಬಟ್ಟೆ, ಶೂ ಜೋಡಿಸಿಡೋ ಜಾಗ. ಸಾಲು ಸಾಲು ಕಬ್ಬಿಣದ ಅಡ್ಡಗಂಬಿಗಳು, ಅದಕ್ಕೆ ನೇತುಹಾಕಿದ ಸಾವಿರಾರು ಸೈಕಲ್ಲು. ದನದ ಜಾತ್ರೆಯಲ್ಲಿ ಎತ್ತು ಕಟ್ಟಿದ ಹಾಗೆ. ನೀರಿಂದ ಬಂದು ನನ್ನದನ್ನ ಹುಡುಕೋದು ಹೇಗೆ? ಅವ್ವನ ಹಳೇ ಗಿಣಿಹಸಿರು ಸೀರೆಯ ಒಂದು ತುಂಡು ತಂದಿದ್ದೆ, ಅದನ್ನ ಟವಲಿನ ಹಾಗೆ ಕೆಳಗೆ ಹಾಸಿದೆ. ಅದರ ಮೇಲೆ ಶೂ, ಸಾಕ್ಸ್, ಹೆಲ್ಮೆಟ್, ಶೇಂಗಾ ಚಿಕ್ಕಿ. ಬೇರೆಯವರು ಹಿಂಡಿ ತಿನ್ನೋ ಜೆಲ್ ಪ್ಯಾಕೆಟ್ ಇಟ್ಟಿದ್ದರು. ಚಳ್ಳಕೆರೆಯವಳು ಶೇಂಗಾ ಬಿಟ್ಟು ಓಡೋದುಂಟೇ.

ಆಮೇಲೆ ಮೈಮೇಲೆ ಬರೆಯೋದು. ತೋಳಿಗೆ ನಂಬರ್, ಮೀನಖಂಡಕ್ಕೆ ವಯಸ್ಸು. ಹೌದು, ದಪ್ಪ ಮಾರ್ಕರಿನಲ್ಲಿ, ಎಲ್ಲರಿಗೂ ಕಾಣೋ ಹಾಗೆ. ಅದೂ ಇವರ ಲೆಕ್ಕದಲ್ಲಿ ಆ ವರ್ಷದ ಡಿಸೆಂಬರ್ 31ಕ್ಕೆ ಎಷ್ಟಾಗುತ್ತೋ ಅಷ್ಟು. ನನ್ನ ಹುಟ್ಟುಹಬ್ಬ ನವೆಂಬರಲ್ಲಿ. 42 ಅಂತ ಬರೆದರು. ಇನ್ನೂ ಮೂರು ತಿಂಗಳು ಇದೆಯಲ್ಲಾ ಅಂತ ಜಗಳಕ್ಕೆ ಬಾಯಿ ತೆರೆದವಳು ನನ್ನ ಮುಂದೆ ನಿಂತವಳ ಕಾಲು ನೋಡಿ ಮುಚ್ಚಿದೆ. ಅಲ್ಲಿ 71 ಅಂತಿತ್ತು. ಕಾಲು ಬೇರೆ ಕಬ್ಬಿನ ಜಲ್ಲೆ ಹಾಗೆ ಗಟ್ಟಿ.

ಟಾಯ್ಲೆಟ್ ಸಾಲಿನ ಬಗ್ಗೆ ಬರೆಯಲ್ಲ. ಬರೀ ಹೆಂಗಸರ ಸ್ಪರ್ಧೆ, ಊಹಿಸಿಕೊಳ್ಳಿ.

ಎಲ್ಲರನ್ನೂ ಒಟ್ಟಿಗೆ ನೀರಿಗೆ ಬಿಡೋದಿಲ್ಲ, ವಯಸ್ಸಿನ ಪ್ರಕಾರ ಗುಂಪು, ಗುಂಪಿಗೊಂದು ಬಣ್ಣದ ಟೋಪಿ. ಕ್ಯಾನ್ಸರ್ ದಾಟಿ ಬಂದವರದ್ದೇ ಒಂದು ಗುಂಪು, ಅವರು ಇಳಿಯುವಾಗ ದಡದಲ್ಲಿದ್ದ ಎಲ್ಲರೂ ಚಪ್ಪಾಳೆ ಹೊಡೆದರು. ನಮ್ಮ ಸರದಿ ಬಂದಾಗ ನಾನು ಬೇಕಂತಲೇ ಹಿಂದೆ, ಬಲಗಡೆ ತುದಿಯಲ್ಲಿ ನಿಂತೆ. ನೀರು ತಣ್ಣಗಿತ್ತು, ಆದರೆ ಕೊರೆಯುವಷ್ಟಲ್ಲ. ಕೊಂಬು ಊದಿದರು. ಮೊದಲ ನೂರು ಮೀಟರ್ ಸರಿಯಾಗಿಯೇ ಹೋದೆ.

ಆಮೇಲೆ ತಳ ಕಾಣೋದು ನಿಂತಿತು. ಕೊಳದಲ್ಲಿ ಕೆಳಗೆ ಒಂದು ಕಪ್ಪು ಪಟ್ಟಿ ಇರುತ್ತೆ, ಅದನ್ನ ನೋಡಿಕೊಂಡೇ ನಾನು ಮೂರು ತಿಂಗಳು ಈಜಿದ್ದು. ಇಲ್ಲಿ ಕೆಳಗೆ ಹಸಿರು, ಅದರ ಕೆಳಗೆ ಕಪ್ಪು, ಅಷ್ಟೇ. ಜೊಂಡು ಕೈಗೆ ಸುತ್ತಿಕೊಂಡಿತು, ಯಾರೋ ಹಿಡಿದೆಳೆದ ಹಾಗೆ. ಅದೇ ಹೊತ್ತಿಗೆ ಹಿಂದಿನ ಗುಂಪಿನ ಜೋರಿನವರು ಬಂದು ಮೇಲೇರಿದರು, ಒಬ್ಬಳ ಕಾಲು ನನ್ನ ಕನ್ನಡಕಕ್ಕೆ ಬಡಿದು ಅದರೊಳಗೆ ನೀರು ನುಗ್ಗಿತು. ನಾನು ಉಸಿರು ಕಟ್ಟಿಕೊಂಡೆ. ಕಲಿತಿದ್ದು ಎಲ್ಲಾ ಹೋಯಿತು. ಎದೆಯ ಮೇಲೆ ರಬ್ಬರ್ ಬಿಗಿದು, 200 ಅಡಿ, 200 ಅಡಿ ಅಂತ ಗಂಡನ ದನಿ ತಲೆಯಲ್ಲಿ ಸುತ್ತುತ್ತಿತ್ತು. ದಡದ ಹತ್ತಿರ ಅಷ್ಟು ಆಳ ಇರೋದಿಲ್ಲ ಅಂತ ಈಗ ಗೊತ್ತು. ಮುಳುಗೋಕೆ ಎಂಟು ಅಡಿಯೂ ಸಾಕಲ್ವಾ.

ಅಂಗಾತ ತಿರುಗಿದೆ. ಆಕಾಶ ಕಂಡಿತು. ಪಕ್ಕದಲ್ಲಿ ಒಂದು ದನಿ, "ಇದನ್ನ ಹಿಡ್ಕೊ." ತಿರುಗಿ ನೋಡಿದರೆ ಬಿಳಿ ಕೂದಲಿನ ಒಬ್ಬ ಅಜ್ಜಿ, ಉದ್ದನೆಯ ಹಳದಿ ಸ್ಪಂಜಿನ ಕೊಳವೆ ಚಾಚಿದ್ದಾಳೆ. ಸ್ವಿಮ್ ಏಂಜೆಲ್ ಅಂತಾರೆ ಇವರಿಗೆ, ನೀರಿನ ಭಯ ಇರೋರ ಜೊತೆ ಈಜೋಕೆ ಅಂತಲೇ ಬಂದ ಸ್ವಯಂಸೇವಕರು. ಆ ಕೊಳವೆಗೆ ನೂಡಲ್ ಅಂತ ಹೆಸರು. ನನಗದು ಸೋರೆಬುರುಡೆಯಾಗಿಯೇ ಕಂಡಿತು. ನಲವತ್ತು ವರ್ಷ ತಡವಾಗಿ, ಏಳು ಸಮುದ್ರದಾಚೆ, ಕೊನೆಗೂ ನನ್ನ ಪಾಲಿಗೆ ಒಂದು ಸೋರೆಬುರುಡೆ ಬಂತು! ಅಪ್ಪಿಕೊಂಡೆ. "ನನಗೇನೂ ಅರ್ಜೆಂಟಿಲ್ಲ," ಅಂದಳು ಅಜ್ಜಿ, "ನಿನಗಿದೆಯಾ?" ಇಲ್ಲ ಅಂದೆ. ಇಬ್ಬರೂ ಹಾಗೇ ಸ್ವಲ್ಪ ಹೊತ್ತು ತೇಲಿದೆವು. ಗುಳ್ಳೆ ಬಿಡು ಅಂದಳು. ಮುಖ ನೀರಲ್ಲಿಟ್ಟು ಬುಳುಬುಳು ಅಂತ ಗುಳ್ಳೆ ಬಿಟ್ಟೆ, ಐದು ವರ್ಷದ ಮಕ್ಕಳ ಹಾಗೆ. ಐದಾರು ಸಲ ಬಿಟ್ಟ ಮೇಲೆ ಎದೆ ಸಡಿಲವಾಯಿತು. ದಾರಿ ಗುರುತಿಗೆ ನೀರಲ್ಲಿ ತೇಲಿಬಿಟ್ಟ ಮುಂದಿನ ಬೋಯಾ ತನಕ ಅವಳು ಪಕ್ಕದಲ್ಲೇ ಬಂದಳು, ಅಲ್ಲಿಂದ ಬೇರೆ ಯಾರೋ ಕೈ ಎತ್ತಿದ್ದು ಕಂಡು ಆ ಕಡೆ ಹೋದಳು. ಹೆಸರೂ ಕೇಳಲಿಲ್ಲ ನಾನು.

ದಡಕ್ಕೆ ಬಂದಾಗ 31 ನಿಮಿಷ. ಅಲ್ಲಿಂದ ವೆಟ್‌ಸೂಟ್ ಕಳಚಿ ಸೈಕಲ್ ಹಿಡಿಯೋಕೆ 9 ನಿಮಿಷ, ಅದರಲ್ಲಿ ಎರಡು ನಿಮಿಷ ಚಿಕ್ಕಿಗೆ. ಹಸಿರು ಸೀರೆ ದೂರದಿಂದಲೇ ಕಂಡಿತು. ಹೆಲ್ಮೆಟ್ ಪಟ್ಟಿ ಬಿಗಿಯೋವರೆಗೆ ಸೈಕಲ್ ಮುಟ್ಟೋ ಹಾಗಿಲ್ಲ, ಗೆರೆ ದಾಟೋವರೆಗೆ ಹತ್ತೋ ಹಾಗಿಲ್ಲ. ಒದ್ದೆ ಕಾಲಿಗೆ ಸಾಕ್ಸ್ ಏರಿಸೋದು ಎಷ್ಟು ಕಷ್ಟ ಅಂತ ಮೊದಲೇ ಅಭ್ಯಾಸ ಮಾಡಬೇಕಿತ್ತು.

ಸರೋವರದ ದಂಡೆಯಿಂದ ಸೇತುವೆಯ ಮಟ್ಟಕ್ಕೆ ಏರಬೇಕು. ಆ ಏರಿನಲ್ಲಿ ಗಾಬರಿಯಲ್ಲಿ ಒಟ್ಟಿಗೆ ಎರಡು ಗೇರ್ ಬದಲಾಯಿಸಿಬಿಟ್ಟೆ, ಚೈನ್ ಕಳಚಿತು. ಇದೊಂದು ನನಗೆ ಬರುತ್ತಿತ್ತು. ಸೈಕಲ್ಲನ್ನ ಪಕ್ಕಕ್ಕೆ ತಂದು, ಚೈನನ್ನ ಹಲ್ಲಿಗೆ ಕೂರಿಸಿ, ಪೆಡಲ್ ಹಿಂದಕ್ಕೆ ತಿರುಗಿಸಿದೆ. ಎರಡು ನಿಮಿಷದ ಕೆಲಸ. ಕೈಯೆಲ್ಲ ಕಪ್ಪು, ಆಮೇಲೆ ಬೆವರು ಒರೆಸಿದ್ದಕ್ಕೆ ಮುಖವೂ ಕಪ್ಪು, ಫೋಟೋದಲ್ಲಿ ಎರಡು ಕೆನ್ನೆಗೂ ದೃಷ್ಟಿಬೊಟ್ಟು ಇಟ್ಟ ಹಾಗಿದೆ.

ಸೇತುವೆ ಮೇಲೆ ಹೋದಾಗ ಎಲ್ಲಾ ಮರೆತುಹೋಯಿತು. ವಾರವಿಡೀ ಕಾರುಗಳು ಓಡುವ ಎಕ್ಸ್‌ಪ್ರೆಸ್ ಲೇನ್‌ಗಳು ಆ ಬೆಳಿಗ್ಗೆ ನಮಗೆ. ಬಲಗಡೆ ದೂರದಲ್ಲಿ ರೇನಿಯರ್ ಪರ್ವತ, ಬೆಳ್ಳಗೆ, ಹಿಟ್ಟು ಸುರಿದ ರಾಶಿಯ ಹಾಗೆ. ನೀರಿಗೆ ಬಲು ಹತ್ತಿರದಲ್ಲಿದೆ ರಸ್ತೆ. ತೇಲೋದು ಗೊತ್ತಾಗೋದಿಲ್ಲ. ಹಿಂದಿನಿಂದ "ಆನ್ ಯುವರ್ ಲೆಫ್ಟ್" ಅಂತ ಕೂಗಿಕೊಂಡು ಒಬ್ಬರಾದ ಮೇಲೆ ಒಬ್ಬರು ದಾಟಿಹೋದರು. ಬಹಳ ಹೊತ್ತಾದ ಮೇಲೆ, ಮರ್ಸರ್ ದ್ವೀಪದಿಂದ ತಿರುಗಿ ಬರುವಾಗ, ನನಗೂ ಒಬ್ಬಳು ಸಿಕ್ಕಳು, ಮುಂದೆ ಬುಟ್ಟಿ ಇದ್ದ ಸೈಕಲ್ಲಿನವಳು. "ಆನ್ ಯುವರ್ ಲೆಫ್ಟ್" ಅಂತ ನಾನೂ ಕೂಗಿದೆ, ಅಗತ್ಯಕ್ಕಿಂತ ಜಾಸ್ತಿ ಜೋರಾಗಿ. ಅದೇ ಲೇನ್‌ಗಳ ಮೇಲೆ ಆಮೇಲೆ ರೈಲು ಹಳಿ ಹಾಕಿದರು. ಈಗ ಅಲ್ಲಿ ಸೈಕಲ್ ಹೊಡೀಬೇಕು ಅಂದರೂ ಆಗಲ್ಲ.

ಓಟದ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಕಾಲು ನನ್ನದಲ್ಲ, ಯಾರದೋ ತಂದು ಜೋಡಿಸಿದ ಹಾಗೆ. ನಡೆದೆ, ಓಡಿದೆ, ನಡೆದೆ. ಹಾದಿ ಪಕ್ಕದ ಮನೆಯವರೊಬ್ಬರು ಗಿಡಕ್ಕೆ ನೀರು ಬಿಡೋ ಪೈಪಿನಲ್ಲಿ ನಮ್ಮ ಮೇಲೆ ನೀರು ಸಿಡಿಸಿದರು, ಅವರಿಗೆ ಪುಣ್ಯ ಬರಲಿ. 41 ನಿಮಿಷ. ಒಟ್ಟು 2 ಗಂಟೆ 27 ನಿಮಿಷ. ಗುರಿಯ ಗೆರೆ ಸುಣ್ಣದ್ದಲ್ಲ, ನೆಲಕ್ಕೆ ಹಾಸಿದ ಚಾಪೆ, ಕಾಲಿಗೆ ಕಟ್ಟಿದ ಎಲೆಕ್ಟ್ರಾನಿಕ್ ಚಿಪ್ ಅನ್ನ ಗುರುತಿಸಿ ಅದು ಸಮಯದ ಲೆಕ್ಕ ಹಿಡಿಯುತ್ತೆ. ದಾಟಿದ ಮೇಲೆ ಹಿಂದೆ ತಿರುಗಿ ನೋಡಿದೆ. ಜನ ಇನ್ನೂ ಬರುತ್ತಿದ್ದರು. ತುಂಬಾ ಜನ.

ಮಕ್ಕಳು ಹಸಿವು ಅಂದರು, ಮನೆಗೆ ಹೋಗೋಣ ಅಂದರು ಇವರು. ನಾನು ಕದಲಲಿಲ್ಲ. ಕೊನೆ ಯಾರು ಬರ್ತಾರೆ ಅಂತ ನೋಡಲೇಬೇಕಿತ್ತು. ಬ್ಯಾನರುಗಳನ್ನ ಬಿಚ್ಚೋಕೆ ಶುರುಮಾಡಿದ್ದರು. ಬಹಳ ಹೊತ್ತಾದ ಮೇಲೆ ಒಬ್ಬ ದಪ್ಪನೆ ಹೆಂಗಸು, ಒಂದು ಕಾಲು ಸ್ವಲ್ಪ ಎಳೆಯುತ್ತಾ ಬಂದಳು. ಅವಳ ಪಕ್ಕದಲ್ಲಿ ತೆಳ್ಳಗೆ ನೆಟ್ಟಗಿನ ಇನ್ನೊಬ್ಬರು, ಏನೋ ಹರಟುತ್ತಾ, ಸಂತೆಗೆ ಹೊರಟವರ ಹಾಗೆ. ಗೆರೆಗೆ ಹತ್ತಿರ ಬಂದಾಗ ಆ ತೆಳ್ಳನೆಯವರು ನಡಿಗೆ ನಿಧಾನ ಮಾಡಿದರು. ದಪ್ಪನೆಯವಳು ದಾಟಿದಳು. ಅದಾದ ಮೇಲೆ ಸ್ಯಾಲಿ ಎಡ್ವರ್ಡ್ಸ್ ದಾಟಿದರು. ನಾನು ಚಪ್ಪಾಳೆ ಹೊಡೆಯೋದು ಮರೆತು ಬಾಯಿಬಿಟ್ಟುಕೊಂಡು ನಿಂತಿದ್ದೆ.

ಸಂಜೆ ಅವ್ವನಿಗೆ ಫೋನ್. "ಎಷ್ಟನೇ ನಂಬರ್ ಬಂತು?" ನನ್ನ ಹಿಂದೆ ಬಹಳ ಜನ ಇದ್ರವ್ವ ಅಂದೆ. "ದುಡ್ಡು ಎಷ್ಟು ಕೊಟ್ರು?" ಕೊಡೋದಿಲ್ಲ, ನಾವೇ ಕಟ್ಟಿದ್ದು ಅಂದೆ. ಆ ಕಡೆಯಿಂದ ಮಾತಿಲ್ಲ. ಆಮೇಲೆ ಫೋನ್ ಪಕ್ಕಕ್ಕೆ ಹಿಡಿದು ಯಾರಿಗೋ ಹೇಳೋದು ಕೇಳಿಸಿತು, "ದುಡ್ಡು ಕೊಟ್ಟು ಓಡಿ ಬಂದಾಳಂತೆ."

ಮಾರ್ಕರಿನ ಮಸಿ ಸುಲಭಕ್ಕೆ ಹೋಗೋದಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ನಮ್ಮ ಕನ್ನಡದವರೊಬ್ಬರ ಮನೆಗೆ ಕರೆದಿದ್ದರು. ರೇಷ್ಮೆ ಸೀರೆ ಉಟ್ಟು, ಅರಿಶಿನ ಕುಂಕುಮಕ್ಕೆ ಕೈ ಚಾಚಿದಾಗ ರವಿಕೆ ತೋಳಿನ ಕೆಳಗೆ ನಂಬರ್ ಮಸುಕಾಗಿ ಕಾಣಿಸುತ್ತಿತ್ತು. ಏನ್ರೀ ಅದು, ಆಸ್ಪತ್ರೆಗೆ ಹೋಗಿದ್ರಾ ಅಂತ ಕೇಳಿದರು. ಹೇಳಿದೆ. ಸೋರೆಬುರುಡೆಯಿಂದ ಶುರುಮಾಡಿ ಎಲ್ಲಾ ಹೇಳಿದೆ, ಕೋಸಂಬರಿ ಮುಗಿಯೋವರೆಗೆ. ಕೆಲವರು ನಕ್ಕರು, ಒಬ್ಬರು ನಿಮಗೆ ಹುಚ್ಚು ಅಂದರು. ಎಲ್ಲರೂ ಚಪ್ಪಲಿ ಹುಡುಕುವ ಹೊತ್ತಿಗೆ ತುಮಕೂರಿನ ಒಬ್ಬ ಹೆಂಗಸು, ಅಲ್ಲಿಯವರೆಗೆ ಒಂದು ಮಾತೂ ಆಡದವರು, ನನ್ನನ್ನ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು.

"ಅಕ್ಕಾ, ಆ ಕೊನೇ ನಂಬರಿನೋರು ಮುಂದಿನ ವರ್ಷಾನೂ ಬರ್ತಾರಾ?"